ಕೊಲೆಯೋ, ನರಹತ್ಯೆಯೋ: ಮೆಕಾಲೆ ಎಳೆದ ಗೆರೆ

ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲಿ ನಡೆಸುವ ನನಗೆ ಆರೋಪಿಯ ಮನೆಯವರಲ್ಲಿ ಕಾಣುವ ಆತಂಕ ಒಂದೇ: ಪ್ರಕರಣ 302ರಲ್ಲೇ ನಿಲ್ಲುವುದೋ, 304ಕ್ಕೆ ಇಳಿಯುವುದೋ. ಮೊದಲನೆಯದು ಕೊಲೆ, ನೇಣಿನವರೆಗೂ ಹೋದೀತು. ಎರಡನೆಯದು ಕೊಲೆಯಲ್ಲದ ದಂಡನೀಯ ನರಹತ್ಯೆ, ಅಲ್ಲಿ ಮರಣದಂಡನೆಯಿಲ್ಲ.

ಈ ಭೇದವನ್ನು ನಮ್ಮ ಸಂಹಿತೆಯ ಕರಡಿಗೆ ತಂದವನು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. ಇಂಗ್ಲಿಷ್ ಶಿಕ್ಷಣಕ್ಕಾಗಿ ಆತನನ್ನು ಶಪಿಸುವವರು (ಅದಕ್ಕೆ ಕಾರಣವೂ ಉಂಟು) ಈ ಕೆಲಸವನ್ನು ನೆನೆಯುವುದು ಕಡಿಮೆ. ಹುಟ್ಟಿದ್ದು 1800ರಲ್ಲಿ, ತಂದೆ ಜಕಾರಿ ಗುಲಾಮಗಿರಿಯ ವಿರುದ್ಧ ಹೋರಾಡಿದವರು. 1834ರಲ್ಲಿ ಮದರಾಸಿನಲ್ಲಿಳಿದು ಉದಕಮಂಡಲಕ್ಕೆ ಹೋಗುವ ದಾರಿಯಲ್ಲಿ ಶ್ರೀರಂಗಪಟ್ಟಣವನ್ನು ಕಂಡ. ಆತನ ದೊಡ್ಡಪ್ಪ ಕಾಲಿನ್ ಹಿಂದೆ ಸೆರೆಯಾಳಾಗಿದ್ದ ಊರದು. ಮರುವರ್ಷ ಕಲ್ಕತ್ತೆಯಲ್ಲಿರುವಾಗ ತಂಗಿ ಮಾರ್ಗರೆಟ್ ತೀರಿಕೊಂಡ ಸುದ್ದಿ ಬಂತು. ಮದುವೆಯಾಗದ ಆತ ಓದಿನಲ್ಲಿ, ಕೆಲಸದಲ್ಲಿ ಮುಳುಗಿದ. ಕಾನೂನು ಆಯೋಗದ ಸಹೋದ್ಯೋಗಿಗಳು ಕಾಯಿಲೆ ಬಿದ್ದಾಗ ಹೊರೆಯನ್ನೆಲ್ಲ ತಾನೇ ಹೊತ್ತು 1837ರಲ್ಲಿ ಕರಡು ಮುಗಿಸಿದ.

ಸತ್ತವನಿಗೆ ಯಾವ ಭೇದವೂ ಇಲ್ಲ, ನಿಜ. ಆದರೆ ತೋಟದ ಗಡಿಜಗಳದಲ್ಲಿ ಕೈಗೆ ಸಿಕ್ಕಿದ ಕೋಲು ಬೀಸಿದವನೂ, ಇರುಳಲ್ಲಿ ಹೊಂಚಿ ಕತ್ತಿಯಿಂದ ಕಡಿದವನೂ ಒಂದೇ ತಕ್ಕಡಿಗೆ ಸಲ್ಲರು. ಹೊಡೆದವನ ಉದ್ದೇಶವೇನು, ಸಾವು ಬರಬಹುದೆಂಬ ಅರಿವು ಎಷ್ಟಿತ್ತು, ಕೆರಳಿಕೆ ಹಠಾತ್ತನೆ ಬಂದದ್ದೇ ಎಂಬುದನ್ನು ಅಳೆಯಬೇಕು. ನನ್ನ ಅನುಭವದಲ್ಲಿ ವಿಚಾರಣೆಯ ಅತಿ ಕಷ್ಟದ ಭಾಗವೂ ಇದೇ.

1859ರ ಡಿಸೆಂಬರ್ 28ರಂದು ಮೆಕಾಲೆ ತೀರಿಕೊಂಡ. ಪರಿಷ್ಕೃತ ಸಂಹಿತೆ ಅಂಗೀಕಾರವಾದದ್ದು 1860ರ ಅಕ್ಟೋಬರಿನಲ್ಲಿ. ಜಾರಿಗೆ ಬಂದದ್ದು 1862ರ ಜನವರಿ 1ರಂದು, ಮಂಗಳೂರು ಮದರಾಸು ಪ್ರಾಂತ್ಯದಲ್ಲಿದ್ದಾಗ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮುಗಳು 103 ಮತ್ತು 105 ಆಗಿವೆ. ಕಕ್ಷಿದಾರರ ಬಾಯಲ್ಲಿ ಮಾತ್ರ ಇನ್ನೂ 302.