ಲೆಸ್ಲಿ ಕೋಲ್ಮನ್: ತೋಟದಲ್ಲಿ ಪಾಠ ಮಾಡಿದ ವಿಜ್ಞಾನಿ

ಸಸ್ಯರೋಗ, ರಾಸಾಯನಿಕ ಕ್ರಿಯೆ, ಬೇಸಾಯ ಇವನ್ನು ನಾವು ಶಾಲೆಯಲ್ಲಿ ಬೇರೆ ಬೇರೆ ಘಟಕಗಳಾಗಿ ಬೋಧಿಸುತ್ತೇವೆ. ಒಬ್ಬರೇ ವ್ಯಕ್ತಿಯ ದುಡಿಮೆಯಲ್ಲಿ ಈ ಮೂರೂ ಕೂಡಿದ್ದನ್ನು ಕಾಣಬೇಕಾದರೆ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಜೀವನವನ್ನು ನೋಡಬೇಕು.

ಕೋಲ್ಮನ್ 1878ರ ಜೂನ್ 16ರಂದು ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1908ರಲ್ಲಿ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದರು. ಅಷ್ಟರಲ್ಲಿ ಹೆಬ್ಬಾಳದಲ್ಲಿ ಕೃಷಿ ಸಂಶೋಧನೆಗೆ ತಳಹದಿ ಬಿದ್ದಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಲ್ಲಿ 30 ಎಕರೆ ಭೂಮಿ ನೀಡಿದ್ದರು. ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಮಣ್ಣು ಮತ್ತು ಬೆಳೆಗಳ ಪರೀಕ್ಷೆಗೆ ಕೈಹಾಕಿದ್ದರು.

ಆಗ ಮಲೆನಾಡಿನ ಅಡಕೆ ಬೆಳೆಗಾರರನ್ನು ಕಾಡುತ್ತಿದ್ದುದು ಕೊಳೆರೋಗ. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರಿದರೆ ಇಡೀ ವರ್ಷದ ಗಳಿಕೆ ಹೋದಂತೆಯೇ. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರಿಸಿದರು. ಅದರ ವೈಜ್ಞಾನಿಕ ಹೆಸರಿನೊಡನೆ ಇಂದಿಗೂ ಅವರ ಹೆಸರು ಸೇರಿದೆ.

ಪರಿಹಾರಕ್ಕೆ ಅವರು ಆರಿಸಿಕೊಂಡದ್ದು ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ 19ನೇ ಶತಮಾನದ ಕೊನೆಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿತ್ತು. ಆದರೆ ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಜಡಿಮಳೆಗೆ ತೊಳೆದುಹೋಗದೆ ಔಷಧ ಕಾಯಿಗೆ ಅಂಟಿಕೊಳ್ಳಬೇಕಿತ್ತು. ಅದಕ್ಕಾಗಿ ರಾಳ ಮತ್ತು ಸೋಡಾದ ಅಂಟನ್ನು ಬೆರೆಸುವ ಕ್ರಮ ಬಂತು. ಹೀಗೆ ಕಡಿಮೆ ಖರ್ಚಿನ ಉಪಾಯವೊಂದು ರೈತರ ಕೈಗೆ ಸಿಕ್ಕಿತು.

ನಮ್ಮ ಬಯಲುಸೀಮೆಯ ಜೋಳಕ್ಕೂ ಅವರ ಹೆಸರಿನ ನಂಟಿದೆ. ಜೋಳ ತಿನ್ನುವ ರೆಕ್ಕೆಯಿಲ್ಲದ ದಖನ್ ಮಿಡತೆಯನ್ನು ಅವರು ಅಭ್ಯಸಿಸಿದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯ ಎಂಬ ಹೆಸರೇ ಬಂದಿದೆ. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಕೆ. ಕುಂಞಿ ಕಣ್ಣನ್. ಅವರೂ ಮುಂದೆ ಸಂಸ್ಥಾನದ ಹೆಸರಾಂತ ಕೀಟಶಾಸ್ತ್ರಜ್ಞರಾದರು.

ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್ 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಲು ಕಾರಣರಾದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲೂ ಅವರ ಪಾತ್ರ ದೊಡ್ಡದು. ಸೇವೆ ಮುಗಿಸಿ ಕೆನಡಾಕ್ಕೆ ಮರಳಿದ ಅವರು 1954ರ ಸೆಪ್ಟೆಂಬರ್ 14ರಂದು ನಿಧನರಾದರು. ಹೆಬ್ಬಾಳದಲ್ಲಿ ನೆಟ್ಟ ಸಸಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. 1986ರಲ್ಲಿ ಧಾರವಾಡದ ವಿಶ್ವವಿದ್ಯಾಲಯ ಅದರಿಂದ ಕವಲೊಡೆಯಿತು. ನಮ್ಮ ಭಾಗದ ಜೋಳ, ಕುಸುಬಿ, ಶೇಂಗಾಗಳ ಸಂಶೋಧನೆಯ ಬೇರು ಅಲ್ಲಿಯವರೆಗೆ ಚಾಚಿದೆ.

ಪ್ರಶಿಕ್ಷಣಾರ್ಥಿಗಳು ಈ ಜೀವನವನ್ನು ಬೋಧನಾಭ್ಯಾಸದಲ್ಲಿ ಬಳಸಿಕೊಳ್ಳಬಹುದು. ಇಳಕಲ್, ಹುನಗುಂದ, ಬಾಗಲಕೋಟೆ ಕಡೆಯ ಮಕ್ಕಳು ಅಡಕೆ ತೋಟ ನೋಡಿರಲಿಕ್ಕಿಲ್ಲ. ಆದರೆ ದಾಳಿಂಬೆ, ದ್ರಾಕ್ಷಿಗೆ ಬೋರ್ಡೋ ಸಿಂಪಡಿಸುವುದನ್ನು ಹಲವರು ಕಂಡಿರುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಏಕೆ ಮಾಡಬಾರದು? ಸಿದ್ಧವಾದ ದ್ರಾವಣದಲ್ಲಿ ಚಾಕು ಅದ್ದಿದಾಗ ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಏಕೆ ಬೆರೆಸುತ್ತಾರೆ? ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟು ತೋರಿಸುವ ಸ್ಥಾನಪಲ್ಲಟ ಕ್ರಿಯೆಯ ಪ್ರಯೋಗದಲ್ಲಿಯೇ ಎರಡಕ್ಕೂ ಉತ್ತರವಿದೆ. ಮೈಲುತುತ್ತ ವಿಷಕಾರಿಯಾದ್ದರಿಂದ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು.

ಕಾರಣವನ್ನು ಹುಡುಕುವುದು, ಸ್ಥಳಕ್ಕೆ ಹೊಂದುವಂತೆ ಉಪಾಯವನ್ನು ತಿದ್ದುವುದು, ಅದನ್ನು ಇತರರಿಗೆ ಕಲಿಸಲು ಶಾಲೆ ಕಟ್ಟುವುದು: ಕೋಲ್ಮನ್ ಅವರ ಕೆಲಸ ಈ ಕ್ರಮದಲ್ಲಿ ನಡೆಯಿತು. ಪಾಠ ಯೋಜನೆ ಬರೆಯುವಾಗ ನಾವೂ ಈ ಕ್ರಮವನ್ನು ನೆನಪಿಡುವುದು ಒಳ್ಳೆಯದು.