ಮ್ಯಾಕ್ರೋ ವ್ಯಾಪ್ತಿ ಹಿಗ್ಗಿಸಿದ ಸ್ಟ್ರೇಚಿ
ಬ್ರಿಟನ್‌ನ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ ಜನಿಸಿದ್ದು 1916ರಲ್ಲಿ, ಲಂಡನ್‌ನಲ್ಲಿ. ಹ್ಯಾರೋ ಶಾಲೆಯ ಶಿಕ್ಷಕರಾಗಿದ್ದ ಅವರು ಬಿಡುವಿನ ವೇಳೆಯಲ್ಲಿ ಪ್ರೋಗ್ರಾಂ ಬರೆಯಲಾರಂಭಿಸಿದರು.

ಪದೇ ಪದೇ ಬರೆಯಬೇಕಾದ ಆದೇಶಗಳ ಗುಂಪಿಗೆ ಒಂದು ಹೆಸರಿಟ್ಟು, ಆ ಹೆಸರಿನಿಂದಲೇ ಅವನ್ನು ಮೂಡಿಸುವ ವಿಧಾನವೇ ಮ್ಯಾಕ್ರೋ. ಅಸೆಂಬ್ಲರ್‌ಗಳಲ್ಲಿ ಅದು ಸಾಮಾನ್ಯವಾಗಿ ಆಯಾ ಯಂತ್ರದ ಆದೇಶಗಳಿಗೇ ಸೀಮಿತವಾಗಿತ್ತು. ಸಿಪಿಎಲ್ ಭಾಷೆಯ ಕಂಪೈಲರ್ ರಚನೆಗೆ ನೆರವಾಗಲೆಂದು ಸ್ಟ್ರೇಚಿ ರೂಪಿಸಿದ ಜಿಪಿಎಂ ಈ ಮಿತಿಯನ್ನು ಮೀರಿತು. 1965ರಲ್ಲಿ ಅವರು ಪ್ರಕಟಿಸಿದ ಈ ಸಾಧನಕ್ಕೆ ಎಲ್ಲವೂ ಕೇವಲ ಅಕ್ಷರಗಳ ಸಾಲು. ಹೀಗಾಗಿ ಅದು ಯಾವ ಭಾಷೆಗಾದರೂ ಒಗ್ಗುತ್ತಿತ್ತು. ಆದರೆ ಪಠ್ಯದ ಅರ್ಥವರಿಯದ ಕಾರಣ ತಪ್ಪುಗಳ ಪತ್ತೆ ಕಠಿಣವಾಗಿತ್ತು.

ಮಹತ್ವಾಕಾಂಕ್ಷೆಯ ಸಿಪಿಎಲ್ ಪೂರ್ಣರೂಪದಲ್ಲಿ ಜಾರಿಗೆ ಬರಲೇ ಇಲ್ಲ. 1975ರ ಮೇ 18ರಂದು, 58ನೇ ವಯಸ್ಸಿನಲ್ಲಿ ಸ್ಟ್ರೇಚಿ ನಿಧನರಾದರು. 1977ರಲ್ಲಿ ಕರ್ನಿಘನ್ ಹಾಗೂ ರಿಚಿ ಯುನಿಕ್ಸ್‌ಗಾಗಿ ರಚಿಸಿದ ಎಂ4, ಜಿಪಿಎಂನ ವಿಚಾರಗಳನ್ನೇ ಮುಂದುವರಿಸಿತು. ಎಂ4 ಇಂದಿಗೂ ಬಳಕೆಯಲ್ಲಿದೆ.