ಲೇಪಾಕ್ಷಿಯ ವಿರೂಪಣ್ಣ ನಿಜಕ್ಕೂ ಕಣ್ಣು ಕಿತ್ತು ಗೋಡೆಗೆ ಎಸೆದನೇ? ಪೆನುಕೊಂಡೆಯ ಸೆಟ್ಟಿ ಮನೆತನದ ಅಸಲಿ ಕಥೆ

ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಕಲ್ಲಿನ ಗೋಡೆಯ ಮೇಲೆ ಎರಡು ಕೆಂಪು ಗುರುತು, ಸುತ್ತ ವೃತ್ತ ಹಾಕಿದ ಫೋಟೋ. ಕೆಳಗೆ ಕಥೆ: ರಾಜ ಊರಲ್ಲಿಲ್ಲದಾಗ ಖಜಾಂಚಿ ವಿರೂಪಣ್ಣ ಬೊಕ್ಕಸದ ಹಣವನ್ನೆಲ್ಲ ಸುರಿದು ದೇವಸ್ಥಾನ ಕಟ್ಟಿಸಿದ. ರಾಜ ವಾಪಸ್ ಬಂದವನೇ ಅವನ ಕಣ್ಣು ಕೀಳಲು ಆಜ್ಞೆ ಮಾಡಿದ. ಸುದ್ದಿ ಕೇಳಿದ ವಿರೂಪಣ್ಣ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದ. ಆ ರಕ್ತದ ಕಲೆ ಇಂದಿಗೂ ಮಾಸಿಲ್ಲ, ಅದಕ್ಕೇ ಊರಿಗೆ ಲೇಪಾಕ್ಷಿ ಎಂದು ಹೆಸರು.

ಓದಿದರೆ ಮೈ ಜುಂ ಎನ್ನುತ್ತದೆ, ನಿಜ. ಆದರೆ ಈ ಕಥೆಯಲ್ಲಿ ವಿರೂಪಣ್ಣ ಕೊನೆಗೆ ಏನಾಗುತ್ತಾನೆ ನೋಡಿ: ಭಕ್ತನಾದರೂ ಸರ್ಕಾರಿ ಹಣ ನುಂಗಿದ ಅಧಿಕಾರಿ. ಸುಮಾರು 490 ವರ್ಷದ ಹಿಂದೆ ಬದುಕಿದ್ದ ಮನುಷ್ಯನ ಮೇಲೆ ನಾವು ದಿನಾ ಕಳ್ಳತನದ ಆರೋಪ ಫಾರ್ವರ್ಡ್ ಮಾಡುತ್ತಿದ್ದೇವೆ. ಹಾಗಾಗಿ ಅವನು ಯಾರು, ಯಾರ ಮಗ ಅನ್ನುವುದನ್ನು ಒಮ್ಮೆ ನೋಡೋಣ.

ವಿರೂಪಣ್ಣ ಕಟ್ಟುಕಥೆಯ ಪಾತ್ರವಲ್ಲ. ಲೇಪಾಕ್ಷಿಯ ಶಾಸನಗಳಲ್ಲಿ ಅವನ ಹೆಸರಿದೆ, ತಂದೆ ತಾಯಿಯ ಹೆಸರೂ ಇದೆ. ತಂದೆ ಪೆನುಕೊಂಡೆಯ ನಂದಿ ಲಕ್ಕಿಸೆಟ್ಟಿ, ತಾಯಿ ಮುದ್ದಮ್ಮ. ತಮ್ಮನ ಹೆಸರು ವೀರಣ್ಣ. ತಂದೆಯ ಹೆಸರಿನ ಕೊನೆಯ 'ಸೆಟ್ಟಿ' ಗಮನಿಸಿ, ಅದು ವ್ಯಾಪಾರಸ್ಥರ ಹೆಸರು. ಮಗನ ಹೆಸರಿನ ಮುಂದೆ 'ನಾಯಕ' ಎಂಬ ಪದವಿ ಬಂದಿದೆ. ಅಂದರೆ ಒಂದೇ ತಲೆಮಾರಿನಲ್ಲಿ ಸೆಟ್ಟರ ಮನೆ ರಾಜನ ಅಧಿಕಾರಿಗಳ ಮನೆಯಾಗಿದೆ. ಅಲ್ಲಿನ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿವೆ ಎನ್ನುವುದು ನಮಗೆ ಖುಷಿಯ ಸಂಗತಿ. ಲೇಪಾಕ್ಷಿ ಈಗ ಆಂಧ್ರಪ್ರದೇಶದಲ್ಲಿದೆ, ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ವಿರೂಪಣ್ಣನ ಕಾಲಕ್ಕೆ ಈ ಗಡಿಯೆಲ್ಲ ಎಲ್ಲಿತ್ತು!

ಆಗ ವಿಜಯನಗರವನ್ನು ಆಳುತ್ತಿದ್ದವನು ಅಚ್ಯುತರಾಯ, ಕೃಷ್ಣದೇವರಾಯನ ತಮ್ಮ. ಆಳಿದ್ದು 1529ರಿಂದ 1542ರವರೆಗೆ. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ಎಂಟನೇ ಹೆನ್ರಿ ರಾಜನಾಗಿದ್ದ. ನವಲಿ, ಗಂಗಾವತಿ ಕಡೆಯವರು ಹಂಪಿಯಲ್ಲಿ ಅಚ್ಯುತರಾಯ ದೇವಸ್ಥಾನ ನೋಡಿಯೇ ಇರುತ್ತೀರಿ, ಅದು ಇದೇ ರಾಜನ ಕಾಲದ್ದು. ಇವನ ಚಿನ್ನದ ನಾಣ್ಯದ ಮೇಲೆ ಗಂಡಭೇರುಂಡ ಇರುತ್ತಿತ್ತು. ಪೆನುಕೊಂಡೆಯೂ ಸಣ್ಣ ಊರಲ್ಲ. ಹಂಪಿ ಬಿಟ್ಟರೆ ಸಾಮ್ರಾಜ್ಯಕ್ಕೆ ಅಷ್ಟೇ ಮುಖ್ಯವಾದ ಕೋಟೆಗಳಲ್ಲಿ ಅದೂ ಒಂದು. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ರಾಜಮನೆತನ ಓಡಿಬಂದು ನೆಲೆ ನಿಂತದ್ದು ಅಲ್ಲಿಯೇ. ಅಂಥ ಊರಿನಲ್ಲಿ ಸೆಟ್ಟರ ಮಗ ಅಧಿಕಾರಕ್ಕೆ ಬಂದ ಎಂದರೆ ಲೆಕ್ಕಪತ್ರ ಬಲ್ಲವನು, ನಂಬಿಕೆಗೆ ಅರ್ಹ ಎಂದು ಮೇಲಿನವರಿಗೆ ಅನಿಸಿರಬೇಕು.

ಅಣ್ಣ ತಮ್ಮ ಇಬ್ಬರೂ ಸೇರಿ ಲೇಪಾಕ್ಷಿಯಲ್ಲಿ, ಆಮೆಯ ಬೆನ್ನಿನಂತೆ ಇರುವ ಬಂಡೆಗುಡ್ಡದ ಮೇಲೆ ವೀರಭದ್ರನ ದೇವಸ್ಥಾನ ಕಟ್ಟಿಸಿದರು. ಅದು 1530ರ ದಶಕದ ಕೆಲಸ. ಫಾರ್ವರ್ಡ್ ಇಲ್ಲಿಯೇ ಎಡವುವುದು. ರಾಜನಿಗೆ ಗೊತ್ತಿಲ್ಲದೆ ಕದ್ದು ಕಟ್ಟಿಸಿದ ಎನ್ನುತ್ತದೆ ಕಥೆ. ಆದರೆ ಆ ದೇವಸ್ಥಾನಕ್ಕೆ ಅಚ್ಯುತರಾಯನ ಹೆಸರಿನಲ್ಲೇ ದತ್ತಿ ಕೊಟ್ಟ ಶಾಸನಗಳಿವೆ. ದತ್ತಿ ಎಂದರೆ ಊರಿನ ಅಥವಾ ಹೊಲದ ಉತ್ಪನ್ನವನ್ನು ದೇವರಿಗೆ ಬಿಟ್ಟುಕೊಡುವುದು, ಅದನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ರಾಜನೇ ದತ್ತಿ ಬಿಟ್ಟ ಗುಡಿಯನ್ನು ರಾಜನಿಗೆ ಗೊತ್ತಾಗದಂತೆ ಕಟ್ಟುವುದು ಹೇಗೆ?

ಹಾಗಂತ ಕಣ್ಣು ಕೀಳುವ ಶಿಕ್ಷೆಯೇ ಇರಲಿಲ್ಲ ಎಂದಲ್ಲ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಮಗ ಸತ್ತಾಗ, ವಿಷ ಹಾಕಿಸಿದ ಅನುಮಾನದ ಮೇಲೆ ಮಂತ್ರಿ ಸಾಳುವ ತಿಮ್ಮರಸುವಿನ ಕಣ್ಣು ಕೀಳಿಸಿದರು ಎನ್ನುತ್ತಾನೆ. ಇನ್ನೂ ವಿಚಿತ್ರವೆಂದರೆ, ಅದಕ್ಕೂ ಮುಂಚೆ ಕೃಷ್ಣದೇವರಾಯನ ಕಣ್ಣೇ ಕೀಳಬೇಕೆಂದು ಆಜ್ಞೆಯಾಗಿತ್ತಂತೆ. ಇದೇ ತಿಮ್ಮರಸು ಆಡಿನ ಕಣ್ಣು ತೋರಿಸಿ ಅವನನ್ನು ಉಳಿಸಿದನಂತೆ. ರಾಜ, ಮಂತ್ರಿ, ಕಣ್ಣು ಎಂಬ ಕಥೆ ಆಗಲೇ ಜನರ ಬಾಯಲ್ಲಿತ್ತು. ಅದೇ ಮುಂದೆ ವಿರೂಪಣ್ಣನಿಗೂ ಅಂಟಿಕೊಂಡಿತು ಎಂಬುದು ನನ್ನ ಊಹೆ.

ಇನ್ನು ರಕ್ತದ ಮಾತು. ನಿಮ್ಮ ಬಿಳಿ ಬನಿಯನ್ನಿಗೆ ರಕ್ತ ತಾಗಿದರೆ ಮರುದಿನ ಅದು ಕೆಂಪಾಗಿ ಇರುತ್ತದೆಯೇ? ಕಂದು ಬಣ್ಣಕ್ಕೆ ತಿರುಗಿರುತ್ತದೆ. ರಕ್ತಕ್ಕೆ ಕೆಂಪು ಕೊಡುವುದು ಹಿಮೋಗ್ಲೋಬಿನ್, ಅದರೊಳಗೆ ಕಬ್ಬಿಣದ ಅಂಶವಿದೆ. ಗಾಳಿ ತಾಗಿದಂತೆ ಅದು ಬದಲಾಗಿ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಮಳೆ, ಬಿಸಿಲು, ಸೂಕ್ಷ್ಮಜೀವಿಗಳು ಸೇರಿ ಉಳಿದದ್ದನ್ನೂ ಮುಗಿಸುತ್ತವೆ. ಬಯಲಿನ ಕಲ್ಲಿನ ಮೇಲೆ ಐದು ಶತಮಾನ ಕೆಂಪಾಗಿ ಉಳಿಯುವ ರಕ್ತ ಇಲ್ಲ. ಕಲ್ಲಿನ ಮೇಲೆ ಕೆಂಪು ಕಾಣಲು ರಕ್ತವೇ ಬೇಕೆಂದೂ ಇಲ್ಲ. ಕಣಶಿಲೆಯಲ್ಲಿ ಕಬ್ಬಿಣ ಇರುವ ಖನಿಜಗಳಿರುತ್ತವೆ, ನೀರು ಗಾಳಿ ತಾಗಿ ಅಲ್ಲಲ್ಲಿ ತುಕ್ಕು ಹಿಡಿದು ಕೆಂಪು ಗುರುತು ಮೂಡುತ್ತದೆ. ಗಂಗಾವತಿ, ಆನೆಗೊಂದಿ ಕಡೆಯ ಬಂಡೆಗಳ ಮೇಲೂ ಇಂಥ ಕಲೆ ಕಾಣುತ್ತವೆ, ಅಲ್ಲಿ ಯಾರೂ ಕಣ್ಣು ಎಸೆದಿಲ್ಲ. ಗುಡಿಯ ಗೋಡೆಗೆ ಕೆಮ್ಮಣ್ಣು ಬಳಿಯುವ ರೂಢಿಯಂತೂ ಗೊತ್ತೇ ಇದೆ.

ಊರಿನ ಹೆಸರಿಗೆ ಇನ್ನೊಂದು ಫಾರ್ವರ್ಡ್ ಓಡಾಡುತ್ತಿದೆ. ಜಟಾಯು ಬಿದ್ದದ್ದು ಇಲ್ಲೇ, ರಾಮ ತೆಲುಗಿನಲ್ಲಿ ಲೇ ಪಕ್ಷಿ, ಅಂದರೆ ಏಳು ಹಕ್ಕಿ, ಎಂದನಂತೆ. ಒಂದೇ ಊರಿಗೆ ಎರಡು ಹೆಸರಿನ ಕಥೆ! ಹೆಸರು ಮೊದಲೇ ಇತ್ತು, ಅದಕ್ಕೆ ಹೊಂದುವ ಕಥೆ ಆಮೇಲೆ ಹುಟ್ಟಿತು ಎನ್ನಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಅಲ್ಲಿನ ಕಲ್ಯಾಣ ಮಂಟಪ ಅರ್ಧಕ್ಕೆ ನಿಂತಿರುವುದು ಮಾತ್ರ ನಿಜ. ಕಂಬಗಳಿವೆ, ಮೇಲೆ ಚಾವಣಿ ಇಲ್ಲ. ಕಣ್ಣು ಹೋದದ್ದಕ್ಕೆ ಕೆಲಸ ನಿಂತಿತು ಎಂದು ಗೈಡುಗಳು ಹೇಳುತ್ತಾರೆ. 1542ರಲ್ಲಿ ಏನಾಯಿತು ಎಂದು ಅವರು ಹೇಳುವುದಿಲ್ಲ. ಆ ವರ್ಷ ಅಚ್ಯುತರಾಯ ತೀರಿಕೊಂಡ. ಅವನ ಎಳೆಯ ಮಗ ವೆಂಕಟನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಕೊನೆಗೆ ಅಳಿಯ ರಾಮರಾಯ ಗೆದ್ದು ಸದಾಶಿವರಾಯನನ್ನು ಪಟ್ಟಕ್ಕೆ ಕೂರಿಸಿದ. ಹಳೆಯ ರಾಜನ ಕೃಪೆಯಲ್ಲಿದ್ದ ಅಧಿಕಾರಿಯ ಮಂಟಪ ನಿಲ್ಲಲು ಇಷ್ಟು ಗೊಂದಲ ಸಾಲದೇ?

ಲೇಪಾಕ್ಷಿಗೆ ಹೋದರೆ ಎಲ್ಲರೂ ನೇರ ಆ ಗೋಡೆಯ ಹತ್ತಿರ ಸೆಲ್ಫಿಗೆ ನಿಲ್ಲುತ್ತಾರೆ. ನೀವು ಮೊದಲು ಒಳಗೆ ಹೋಗಿ ಕತ್ತೆತ್ತಿ ನೋಡಿ. ಚಾವಣಿಯಲ್ಲಿ ದೊಡ್ಡ ವೀರಭದ್ರನ ಚಿತ್ರವಿದೆ, ಸುಣ್ಣದ ಗಾರೆಯ ಮೇಲೆ ಬರೆದದ್ದು. ಅವನ ಸನ್ನಿಧಿಯಲ್ಲಿ ತಲೆಗೆ ಉದ್ದನೆಯ ಕುಲಾವಿ ಹಾಕಿಕೊಂಡು ಪರಿವಾರದ ಜೊತೆ ನಿಂತಿರುವವರೇ ವಿರೂಪಣ್ಣ ಮತ್ತು ವೀರಣ್ಣ. ಬಣ್ಣ ಸ್ವಲ್ಪ ಉದುರಿದೆ. ಕಣ್ಣುಗಳು ಮಾತ್ರ ಅಗಲವಾಗಿ ತೆರೆದೇ ಇವೆ.